ನಾಲ್ಕನೆಯ ಸಲದ ನೀರು

ಅವರು ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತರು. ಬೆನ್ನು ಒರಗಿಸಲಿಲ್ಲ. ಎರಡೂ ಕೈಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಯಾವುದಕ್ಕೂ ತಾಗದಂತೆ ಎದೆಯ ಮುಂದೆ ಹಿಡಿದುಕೊಂಡಿದ್ದರು. ಐವತ್ತರ ಹತ್ತಿರದ ವಯಸ್ಸು, ಅರ್ಧ ನೆರೆತ ಗಡ್ಡ, ತಾವೇ ಹೊಲಿದುಕೊಂಡ ಚೊಕ್ಕವಾದ ಜುಬ್ಬ. ಗುಬ್ಬಿಯ ಪೇಟೆಯಲ್ಲಿ ಅವರದೊಂದು ಟೈಲರ್ ಅಂಗಡಿ. ಜೊತೆಗೆ ಬಂದಿದ್ದ ಹೆಂಡತಿ ನಿಂತೇ ಮಾತಾಡಿದರು.

“ಬಟ್ಟೆ ಬಿಚ್ಚಿ ತೋರ್ಸಿ ಅವ್ರಿಗೆ.”

ಬಿಚ್ಚಿದರು. ಅಂಗೈ ಬೆಳ್ಳಗೆ ಸುಕ್ಕುಗಟ್ಟಿತ್ತು. ಬೆರಳ ಗೆಣ್ಣುಗಳಲ್ಲಿ ಬಿರುಕು, ಬಿರುಕಿನಲ್ಲಿ ರಕ್ತ.

“ಸ್ಕೂಲ್ ಯೂನಿಫಾರಂ ಎಲ್ಲಾ ಇವ್ರೇ ಹೊಲೀತಿದ್ದಿದ್ದು ಡಾಕ್ಟ್ರಮ್ಮ. ಹೋದ್ ಸಲ ಬಿಳಿ ಶರ್ಟಿಗೆಲ್ಲ ರಕ್ತದ ಕಲೆ ಆಗ್ಬುಡ್ತು. ಈ ಸಲ ಹೆಡ್‌ಮಾಸ್ಟ್ರು ಬೇರೆಯೋರಿಗೆ ಕೊಟ್ರು. ನಮಾಜಿಗೆ ಮುಂಚೆ ಕೈಕಾಲು ತೊಳಿಯೋಕೆ ಕೂತ್ರೆ ಒಂದ್ ಗಂಟೆ ಏಳಲ್ಲ ಇವ್ರು. ದಿನಕ್ಕೆ ಐದು ಸಲ. ನೀರು ಹೊತ್ತೂ ಹೊತ್ತೂ ನನ್ನ ಸೊಂಟ ಹೋಯ್ತು.”

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತುಮಕೂರಿನ ಆಸ್ಪತ್ರೆಯೊಂದರ ಹಿಂಭಾಗದಲ್ಲಿ, ಮುಂಚೆ ಹಳೆಯ ಎಕ್ಸ್‌ರೇ ಕವರುಗಳನ್ನು ಪೇರಿಸಿಡುತ್ತಿದ್ದ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ನಾನು ಡಾಕ್ಟರಲ್ಲ, ಮನಶ್ಶಾಸ್ತ್ರ ಓದಿದವಳು ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಎಲ್ಲರೂ ತಲೆಯಾಡಿಸಿ ಮತ್ತೆ ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು. ವಾರದಲ್ಲಿ ಐದು ದಿನ ಆ ಕೋಣೆ, ತಿಂಗಳಿಗೊಮ್ಮೆ ಶನಿವಾರ ಬೆಂಗಳೂರಿಗೆ ರೈಲು ಹತ್ತಿ ನನ್ನ ಗೈಡನ್ನು ಕಾಣುವುದು. ತೊಳೆದದ್ದನ್ನೇ ತೊಳೆಯುವ ಗೀಳು ಇರುವವರ ಮೇಲೆ ನನ್ನ ಪಿಎಚ್.ಡಿ. ಪ್ರಬಂಧ. ಆ ಗೀಳಿಗೆ ಹೊಸದಾಗಿ ಬಂದಿದ್ದ ಚಿಕಿತ್ಸೆ ಕೇಳಲು ಸರಳ: ಯಾವುದನ್ನು ಮುಟ್ಟಿದರೆ ಹೆದರಿಕೆಯೋ ಅದನ್ನು ಮುಟ್ಟಿಸಬೇಕು, ಆಮೇಲೆ ತೊಳೆಯಲು ಬಿಡದೆ ಕಾಯಿಸಬೇಕು. ಕಾದರೆ ಹೆದರಿಕೆ ತಾನಾಗಿಯೇ ಇಳಿಯುತ್ತದೆ. ಇಳಿಯುತ್ತದೆ ಎನ್ನುವುದನ್ನು ರೋಗಿಯ ಮೈಯೇ ಕಲಿಯಬೇಕು, ನಾವು ಹೇಳಿ ಪ್ರಯೋಜನವಿಲ್ಲ.

ಟೈಲರ್ ಅದಕ್ಕೆ ಮುಂಚೆ ಮನೋವೈದ್ಯರೊಬ್ಬರ ಮಾತ್ರೆ ನುಂಗಿದ್ದರು. ನಿದ್ದೆ ಬಂದಿತ್ತು, ತೊಳೆಯುವುದು ನಿಂತಿರಲಿಲ್ಲ. ಅವರ ಅನುಮಾನವೆಲ್ಲ ಒಂದೇ: ಬಟ್ಟೆಗೋ ಮೈಗೋ ಎಲ್ಲೋ ಒಂದು ಹನಿ ಮೂತ್ರ ಸಿಡಿದಿರಬಹುದು, ಆ ಮೈಲಿಗೆಯಲ್ಲಿ ಮಾಡಿದ ನಮಾಜು ಸಲ್ಲದೆ ಹೋಗಬಹುದು. ಗಿರಾಕಿಗಳ ಹಳೆಯ ಪ್ಯಾಂಟು ಮುಟ್ಟಿದರೂ ಅದೇ ಅನುಮಾನ. ಇದು ಯಾವಾಗ, ಏಕೆ ಶುರುವಾಯಿತು ಎಂದು ನಾನು ಎಷ್ಟೋ ಸಲ ಕೆದಕಿದೆ. ಕೊನೆಗೂ ತಿಳಿಯಲಿಲ್ಲ.

ಚಿಕಿತ್ಸೆಗೆ ಮುಂಚೆ ಎರಡು ವಾರ ಬರೀ ಎಣಿಸಬೇಕು. ಮನೆಯಾಕೆಗೆ ಬರೆಯಲು ಬಾರದು. ಆಕೆಯೇ ದಾರಿ ಕಂಡುಕೊಂಡರು. ಗಂಡ ಒಂದು ಚೊಂಬು ನೀರು ಸುರಿದುಕೊಂಡರೆ ಡಬ್ಬಿಯೊಳಗೆ ಒಂದು ಗುಂಡಿ, ಅಂಗಿಯ ಗುಂಡಿ. ವಾರಕ್ಕೊಮ್ಮೆ ಡಬ್ಬಿ ತಂದು ನನ್ನ ಮೇಜಿನ ಮೇಲೆ ಸುರಿಯುತ್ತಿದ್ದರು, ನಾನು ಎಣಿಸಿ ಗ್ರಾಫಿನ ಹಾಳೆಯಲ್ಲಿ ಚುಕ್ಕಿ ಇಡುತ್ತಿದ್ದೆ. ದಿನಕ್ಕೆ ನೂರೈವತ್ತರ ಆಸುಪಾಸು ಬರುತ್ತಿತ್ತು.

ಹೆದರಿಕೆಯನ್ನು ಅಳೆಯುವುದೇ ಕಷ್ಟವಾಯಿತು. ಸೊನ್ನೆಯಿಂದ ನೂರರವರೆಗೆ ಅಂಕ ಕೊಡಿ ಎಂದು ಕೇಳಬೇಕು ಅಂತ ಪುಸ್ತಕದಲ್ಲಿತ್ತು. ಕೇಳಿದೆ.

“ನೂರು ಅಂದ್ರೆ ಎಷ್ಟು ಅಮ್ಮಾ?” ಎಂದರು ಅವರು. “ನಂಗೆ ಹಂಗೆಲ್ಲ ಹೇಳೋಕ್ ಬರಲ್ಲ.”

ಅವರ ಕೊರಳಲ್ಲಿ ಅಳತೆಯ ಟೇಪು ಹಾಗೇ ಇಳಿಬಿದ್ದಿತ್ತು. ಅಂಗಡಿಯಿಂದ ಎದ್ದು ಬರುವಾಗ ತೆಗೆಯಲು ಮರೆತಿದ್ದರು. “ಅದ್ರಲ್ಲಿ ಹೇಳಿ ಸಾಹೇಬ್ರೆ. ಈಗ ಹೆದರಿಕೆ ಎಷ್ಟು ಇಂಚಿದೆ?” ಎಂದೆ. ಅವರು ಟೇಪನ್ನು ಬೆರಳ ತುದಿಯಲ್ಲಿ ಸರಿಸುತ್ತಾ ಹೋಗಿ ಒಂದು ಕಡೆ ಹಿಡಿದರು. ಮೂವತ್ತೆಂಟು. ಒಂದಿಷ್ಟೂ ಅನುಮಾನವಿಲ್ಲದೆ ಹಿಡಿದರು. ಅನುಮಾನವೇ ಕಾಯಿಲೆಯಾಗಿದ್ದ ಮನುಷ್ಯ ಟೇಪಿನ ಮೇಲೆ ಅಷ್ಟು ಖಚಿತವಾಗಿದ್ದುದನ್ನು ಕಂಡು ನನಗೆ ಆಸೆ ಹುಟ್ಟಿತು.

ಮೊದಲ ಆರು ವಾರ ಎಲ್ಲವೂ ಪುಸ್ತಕದಲ್ಲಿದ್ದಂತೆಯೇ ನಡೆಯಿತು. ಕುರ್ಚಿಯ ತೋಳು ಮುಟ್ಟಿದರು. ಬಾಗಿಲ ಚಿಲಕ ಮುಟ್ಟಿದರು. ಹಳೆಯ ಪ್ಯಾಂಟೊಂದನ್ನು ತೊಡೆಯ ಮೇಲೆ ಹರಡಿಕೊಂಡು ಮುಕ್ಕಾಲು ಗಂಟೆ ಕೂತರು. ಹತ್ತು ನಿಮಿಷಕ್ಕೊಮ್ಮೆ ನಾನು ಕೇಳುತ್ತಿದ್ದೆ, ಅವರು ಇಂಚು ಹೇಳುತ್ತಿದ್ದರು. ನಲವತ್ತೈದು, ನಲವತ್ತು, ಮೂವತ್ತೊಂದು, ಹದಿನೆಂಟು. ಗುಂಡಿಗಳ ರಾಶಿ ಸಣ್ಣದಾಯಿತು, ನನ್ನ ಗ್ರಾಫಿನ ಗೆರೆ ಇಳಿಯಿತು. ಅದನ್ನು ನೋಡಿ ನಾನು ಉಬ್ಬಿಹೋಗಿದ್ದೆ ಎಂದರೆ ಸುಳ್ಳಲ್ಲ.

ಕೊನೆಗೆ ಉಳಿದದ್ದು ವುಜೂ. ನಮಾಜಿಗೆ ಮುಂಚಿನ ಆ ಶುದ್ಧಿಗೆ ಅವರು ಹಾಗೆನ್ನುತ್ತಾರೆ. ನಾನು ಚೀಟಿಯಲ್ಲಿ ಬರೆದುಕೊಟ್ಟೆ: ಕೈ ಒಂದು ಸಲ, ಬಾಯಿ ಒಂದು ಸಲ, ಮುಖ ಒಂದು ಸಲ, ಮೊಣಕೈವರೆಗೆ ಒಂದು ಸಲ, ಪಾದ ಒಂದು ಸಲ. ಅಷ್ಟೇ. ಎದ್ದುಬಿಡಬೇಕು. ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. “ಆಯ್ತಮ್ಮಾ” ಎಂದರು. ಅಷ್ಟು ವಾರಗಳಲ್ಲಿ ಅವರು ಒಂದೂ ಪ್ರಶ್ನೆ ಕೇಳದೆ ಒಪ್ಪಿದ್ದು ಅದೊಂದನ್ನೇ. ನಾನು ಅಲ್ಲೇ ಎಚ್ಚರವಾಗಬೇಕಿತ್ತು.

ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ನಾನು ಬಸ್ಸು ಹತ್ತಿ ಗುಬ್ಬಿಗೆ ಹೋದೆ. ಅಂಗಡಿ ಮುಚ್ಚಿತ್ತು. ಮನೆ ಅದರ ಹಿಂದಿನ ಓಣಿಯಲ್ಲೇ. ಬಾಗಿಲು ತೆಗೆದ ಮನೆಯಾಕೆಯ ಮುಖದಲ್ಲಿ ಕೋಪವಿರಲಿಲ್ಲ. ಸುಸ್ತು ಮಾತ್ರ ಇತ್ತು.

“ನೀರು ಖರ್ಚಾಗ್ತಾನೇ ಇಲ್ಲ ಡಾಕ್ಟ್ರಮ್ಮ. ನಮಾಜೇ ಬಿಟ್ಬುಟ್ಟವ್ರೆ.”

ಅವರು ಒಳಗೆ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ಬಂದದ್ದು ತಿಳಿದು ಎದ್ದು ಕೂತರು. ಕೈಗಳು ವಾಸಿಯಾಗುತ್ತಿದ್ದವು. ನೋಡಿದರೆ ನನ್ನ ಚಿಕಿತ್ಸೆ ಗೆದ್ದಿತ್ತು.

“ನಿಮ್ದೇನೂ ತಪ್ಪಿಲ್ಲಮ್ಮಾ,” ಎಂದರು. “ಒಂದ್ ಸಲ ತೊಳ್ಕೊಂಡು ನಿಂತ್ರೆ ಆ ನಮಾಜು ನಂಗೇ ಒಪ್ಪಲ್ಲ. ಜಾಸ್ತಿ ತೊಳೆದ್ರೆ ನಿಮ್ ಮಾತು ಮೀರ್ದಂಗೆ. ಎರಡೂ ಬ್ಯಾಡ ಅಂತ ಸುಮ್ನಾದೆ. ಮೂವತ್ತೈದು ವರ್ಷದಿಂದ ಬಿಟ್ಟಿರ್ಲಿಲ್ಲ.”

ಆ ಮನುಷ್ಯ ಗಂಟೆಗಟ್ಟಲೆ ತೊಳೆಯುತ್ತಿದ್ದುದು ಯಾವುದಕ್ಕಾಗಿಯೋ ಅದನ್ನೇ ನಾನು ಅವರಿಂದ ಕಿತ್ತುಕೊಂಡಿದ್ದೆ. ಅದಕ್ಕಿಂತ ನಾಚಿಕೆಯ ವಿಷಯ ಆಮೇಲೆ ತಿಳಿಯಿತು. ವುಜೂವಿನಲ್ಲಿ ಎಷ್ಟು ಸಲ ತೊಳೆಯುವುದು ವಾಡಿಕೆ ಎಂದು ಕೇಳಿದೆ. ಆ ಪ್ರಶ್ನೆಯನ್ನು ನಾನು ಕೇಳಿದ್ದು ಅಂದೇ ಮೊದಲು. “ಮೂರು ಸಲ” ಎಂದರು ಗಂಡಹೆಂಡಿರಿಬ್ಬರೂ ಒಟ್ಟಿಗೆ. ಒಂದು ಸಲ ಎನ್ನುವುದು ನಾನು ನನ್ನ ಮೇಜಿನ ಮುಂದೆ ಕೂತು ಹುಟ್ಟಿಸಿದ ಲೆಕ್ಕ.

“ಮೂರೇ ಸಾಕು, ನಾಲ್ಕು ಬೇಡ ಅಂತ ಯಾರು ಹೇಳಿದ್ರೆ ನೀವು ನಂಬ್ತೀರಿ ಸಾಹೇಬ್ರೆ? ನಾನಲ್ಲ, ಬೇರೆ ಯಾರು?”

ಅವರು ಬಹಳ ಹೊತ್ತು ಯೋಚಿಸಲಿಲ್ಲ. “ಕುಣಿಗಲ್ಲಲ್ಲಿ ನಮ್ ಉಸ್ತಾದ್ ಹಜರತ್ ಅವ್ರೆ. ಚಿಕ್ಕೋನಿದ್ದಾಗ ಓದ್ಸಿದ್ದು ಅವ್ರೇ. ಆದ್ರೆ ಈ ಮುಖ ಇಟ್ಕೊಂಡು ಅವ್ರ ಹತ್ರ ಹೋಗ್ಲಾ?”

ಆ ಶನಿವಾರ ಬೆಂಗಳೂರಿಗೆ ಹೋಗಿ ಗೈಡಿನ ಮುಂದೆ ಗ್ರಾಫ್ ಹಾಳೆ ಇಟ್ಟೆ. ಅವರು ಬಿಗಿಯಾದ ಮನುಷ್ಯರು. ನಡುವೆ ಚಿಕಿತ್ಸೆಯ ಕ್ರಮ ಬದಲಿಸಿದರೆ, ಅದೂ ಹೊರಗಿನ ಒಬ್ಬರನ್ನು ಒಳಗೆ ತಂದರೆ, ಗುಣವಾದದ್ದು ಯಾವುದರಿಂದ ಎಂದು ಯಾರೂ ಹೇಳಲಾಗುವುದಿಲ್ಲ. ಆ ಕೇಸು ಪ್ರಬಂಧಕ್ಕೆ ಬರುವುದಿಲ್ಲ. ಅಂಥ ಇನ್ನೊಬ್ಬ ರೋಗಿ ಸಿಗಲು ವರ್ಷವಾದರೂ ಆಗಬಹುದು. ಇದೆಲ್ಲ ಗೊತ್ತಿದ್ದೇ, ಕುಣಿಗಲ್ಲಿಗೆ ಹೋಗುತ್ತೇನೆ ಎಂದು ಹೇಳಲು ಬಂದಿದ್ದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾದವೊಂದೂ ಬೇಕಾಗಲಿಲ್ಲ. ಅವರು ಪೆನ್ಸಿಲ್ ತೆಗೆದು ಕೊನೆಯ ಚುಕ್ಕಿಯ ಪಕ್ಕ ಒಂದು ನೆಟ್ಟಗಿನ ಗೆರೆ ಎಳೆದರು.

“ಸಂಶೋಧನೆ ಇಲ್ಲಿಗೆ ಮುಗೀತು. ಇನ್ಮೇಲೆ ಅವರು ನಿಮ್ಮ ಪೇಷೆಂಟು ಮಾತ್ರ. ಆದ್ರೂ ನೋಟ್ಸ್ ಮೊದಲಿನ ಹಾಗೇ ಬರೀರಿ. ಇನ್ನೊಂದು ಮಾತು. ಆ ಹಿರಿಯರು ಒಂದು ಸಲ ಧೈರ್ಯ ಹೇಳಿದ್ರೆ ಔಷಧಿ. ದಿನಾ ಹೇಳೋಕೆ ಶುರು ಮಾಡಿದ್ರೆ ಅದೇ ಕಾಯಿಲೆ.”

ಆ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡೆ ಎಂಬ ಧೈರ್ಯದಲ್ಲಿಯೇ ಮರೆತೆ.

ಗುಬ್ಬಿಯಿಂದ ತುಮಕೂರಿಗೆ ಬಂದ ಗಂಡಹೆಂಡಿರ ಜೊತೆ ಕುಣಿಗಲ್ ಬಸ್ಸು ಹತ್ತಿದೆ. ಟೈಲರ್ ಸೀಟಿನ ಕಂಬಿ ಹಿಡಿದು ಕೂತಿದ್ದರು. ಎರಡು ತಿಂಗಳ ಹಿಂದೆ ಅದು ಆಗದ ಮಾತಾಗಿತ್ತು. ಹಜರತ್ ಮಸೀದಿಯ ಪಕ್ಕದ ಎರಡು ಕೋಣೆಯ ಮನೆಯಲ್ಲಿದ್ದರು. ಎಪ್ಪತ್ತು ದಾಟಿದ, ಸಣಕಲು ಮೈಯ, ಮೆತ್ತಗೆ ಮಾತಾಡುವ ಮುದುಕರು. ನನ್ನ ಮಾತನ್ನು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

“ನೀವು ಇದಕ್ಕೆ ಏನಂತೀರಿ ತಾಯಿ?”

“ಗೀಳು ಅಂತೀವಿ.”

“ನಾವು ವಸ್ವಾಸ್ ಅಂತೀವಿ. ಸುಮ್ಸುಮ್ನೆ ಬಂದು ಕಿವೀಲಿ ಪಿಸುಗುಟ್ಟೋ ಅನುಮಾನ. ಹೆಸರು ಬೇರೆ ಇರ್ಬೋದು, ಕಾಟ ಒಂದೇ.” ಆಮೇಲೆ ಶಿಷ್ಯನ ಕಡೆ ತಿರುಗಿದರು. “ಏನ್ಲಾ, ಇಷ್ಟ್ ವರ್ಷ ನನ್ ಹತ್ರ ಯಾಕ್ ಬರ್ಲಿಲ್ಲ? ಬಾ, ನನ್ ಮುಂದೆ ವುಜೂ ಮಾಡು.”

ನಾನೂ ಮನೆಯಾಕೆಯೂ ಹಜರತ್ತರ ಜಗಲಿಯಲ್ಲಿ ಕೂತೆವು. ಮಸೀದಿಯ ಅಂಗಳದಲ್ಲಿ ನಡೆಯುವುದಕ್ಕೆ ನಾನು ಹೋಗಿ ನಿಲ್ಲುವಂತಿರಲಿಲ್ಲ. ತೆರೆದ ಬಾಗಿಲಿನಿಂದ ಅರ್ಧ ಮಾತ್ರ ಕಾಣುತ್ತಿತ್ತು. ಮೂರು ಸಲ ಕೈ ತೊಳೆದು ಟೈಲರ್ ನಾಲ್ಕನೆಯ ಸಲಕ್ಕೆ ನೀರು ಎತ್ತಿಕೊಂಡರು. ಹಜರತ್ ಬಗ್ಗಿ ಅವರ ಮಣಿಕಟ್ಟು ಹಿಡಿದರು.

“ಇದು ನಮಾಜಿನ ನೀರಲ್ಲ ಕಣೋ. ಮೂರು ಆಯ್ತು. ಈ ನಾಲ್ಕನೇದು ನಿನ್ನ ಹೆದರಿಕೇದು. ಚೆಲ್ಲು.”

ಚೆಲ್ಲಿದರು. ಮುಖ, ತೋಳು, ಪಾದ, ಪ್ರತಿಯೊಂದಕ್ಕೂ ಆ ಮುದುಕರ ಕೈ ಮೂರಕ್ಕೆ ತಡೆಯಿತು. ನಾನು ಪುಸ್ತಕದಿಂದ ಕಲಿತದ್ದನ್ನು ಅವರು ಪುಸ್ತಕವಿಲ್ಲದೆ ಮಾಡುತ್ತಿದ್ದರು. ಆಮೇಲೆ ಟೈಲರ್ ಒಳಗೆ ನಮಾಜಿಗೆ ನಿಂತರು. ಮೂರು ವಾರದ ಮೇಲೆ. ಮನೆಯಾಕೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಹತ್ತು ದಿನ ಎಲ್ಲ ಸಲೀಸು. ಗುಂಡಿಗಳು ಬೊಗಸೆ ತುಂಬುವಷ್ಟೂ ಬರುತ್ತಿರಲಿಲ್ಲ. ಅಂಗಡಿ ಬೆಳಗ್ಗೆಯೇ ತೆರೆಯುತ್ತಿತ್ತು. ನಾನು ಅವರಿಗೆ ಬರುವ ದಿನಗಳನ್ನು ಎರಡು ವಾರಕ್ಕೊಮ್ಮೆ ಮಾಡಿದೆ.

ಆಮೇಲೆ ಒಂದು ಮಧ್ಯಾಹ್ನ ಹಜರತ್ತರೇ ತುಮಕೂರಿನ ನನ್ನ ಕೋಣೆಗೆ ಬಂದರು. ಹೊರಗಿನ ಬೆಂಚಿನಲ್ಲಿ ಸರದಿಯವರ ಜೊತೆ ಚೀಟಿ ಹಿಡಿದು ಕೂತಿದ್ದರು. ಮುಂದೆ ಬನ್ನಿ ಎಂದರೂ ಏಳಲಿಲ್ಲ. ಸರದಿ ಬಂದ ಮೇಲೆ ಒಳಗೆ ಬಂದು ಜೇಬಿನಿಂದ ಕಾರ್ಡುಗಳ ಕಟ್ಟು ತೆಗೆದಿಟ್ಟರು. ಎಲ್ಲ ಅಂಚೆಯ ಕಾರ್ಡುಗಳು, ಸಣ್ಣ ಉರ್ದು ಅಕ್ಷರ, ಅಂಚಿನವರೆಗೂ ಬರಹ.

“ಅವನಿಂದ ದಿನಾ ಒಂದು ಬರ್ತದೆ ತಾಯಿ. ಮೊಣಕೈ ಹತ್ರ ಒಂಚೂರು ಒಣಗಿದ್ದಂಗಿತ್ತು, ನಮಾಜು ಸಂದಿತೋ ಇಲ್ವೋ ಅಂತ. ನಾನು ಸಂದಿತು ಅಂತ ಬರೀತೀನಿ. ಮಾರನೇ ದಿನ ಇನ್ನೊಂದು. ಮೂರು ಸಲ ಬಸ್ ಹತ್ಕೊಂಡು ಕುಣಿಗಲ್ಗೇ ಬಂದ. ಅಂಗಡಿ ಬಾಗ್ಲಾಕಿ ಬಂದವ್ನೆ.” ಕಟ್ಟನ್ನು ನನ್ನ ಕಡೆ ಸರಿಸಿ ಹೇಳಿದರು: “ನಂಗೆ ಅನ್ಸೋದು ಇಷ್ಟೇ. ಈಗ ಅವನು ನೀರಲ್ಲಿ ತೊಳೀತಿಲ್ಲ. ನನ್ನ ಮಾತಲ್ಲಿ ತೊಳ್ಕೋತವ್ನೆ.”

ಗೈಡು ಹೇಳಿದ್ದ ಎಚ್ಚರಿಕೆ ನೆನಪಾಗಿ ನನ್ನ ಕಿವಿ ಬಿಸಿಯಾಯಿತು. ಆದರೆ ಗೈಡು ಕೂಡ ಅದನ್ನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

“ಹೌದು ಹಜರತ್. ನೀವು ಇನ್ಮೇಲೆ ಉತ್ತರ ಕೊಡ್ಬಾರ್ದು.”

“ಕೇಳ್ಕೊಂಡ್ ಬಂದ ಶಿಷ್ಯಂಗೆ ಉತ್ತರ ಕೊಡ್ದೆ ಇರೋದಾ? ಐವತ್ತು ವರ್ಷದಿಂದ ನಾನು ಮಾಡ್ತಿರೋದು ಅದೊಂದೇ ಕೆಲ್ಸ.”

ಒಂದು ಗಂಟೆ ಕೂತು ಮಾತಾಡಿದೆವು. ಕಾಯುವುದು ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಗ್ರಾಫಿನ ಹಾಳೆ ತೋರಿಸಿ ವಿವರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದು ಚುಕ್ಕಿಯನ್ನೂ ಕೇಳಿ ತಿಳಿದುಕೊಂಡರು. ಕೊನೆಗೆ ಇಬ್ಬರೂ ಸೇರಿ ಒಂದೇ ಉತ್ತರ ಗೊತ್ತು ಮಾಡಿದೆವು. ಏನು ಕೇಳಿದರೂ ಹಜರತ್ ಹೇಳಬೇಕಾದದ್ದು: “ನಿನಗೇ ಗೊತ್ತು.” ಅದಕ್ಕಿಂತ ಹೆಚ್ಚು ಒಂದಕ್ಷರವೂ ಇಲ್ಲ. ಕಾರ್ಡಿಗೆ ಉತ್ತರವೇ ಇಲ್ಲ. ಇದನ್ನು ಮುಚ್ಚಿಟ್ಟು ಮಾಡಬಾರದು ಎಂದು ಹಜರತ್ ಹಟ ಹಿಡಿದರು. ಟೈಲರನ್ನು ಕರೆಸಿ, ಇಬ್ಬರೂ ಎದುರಿಗೆ ಕೂತು, ಹೀಗೆ ಹೀಗೆ ಮಾಡುತ್ತೇವೆ, ಏಕೆಂದರೆ ಹೀಗೆ, ಎಂದು ತಿಳಿಸಿ ಒಪ್ಪಿಗೆ ಪಡೆದೆವು. ಅವರು ಒಪ್ಪಿದರು. ಈ ಸಲ ಹತ್ತು ಪ್ರಶ್ನೆ ಕೇಳಿ ಒಪ್ಪಿದರು.

ನಾಲ್ಕು ದಿನ ತಡೆದುಕೊಂಡರು. ಐದನೆಯ ದಿನ ಬೆಳಗ್ಗೆ ಮನೆಯಾಕೆ ಅಂಚೆ ಕಚೇರಿಯಿಂದ ಆಸ್ಪತ್ರೆಗೆ ಫೋನು ಮಾಡಿಸಿದರು. ಅವರು ಕುಣಿಗಲ್ ಕಡೆ ಹೊರಟಿದ್ದಾರೆ, ಮುಖ ಸರಿಯಿಲ್ಲ. ನಾನು ರಜೆ ಬರೆದಿಟ್ಟು ಬಸ್ಸು ಹಿಡಿದೆ.

ನಾನು ತಲುಪಿದಾಗ ಟೈಲರ್ ಜಗಲಿಯಲ್ಲಿ ಹಜರತ್ತರ ಕಾಲ ಬಳಿ ಕೂತಿದ್ದರು. ಮೈ ಬೆವೆತಿತ್ತು.

“ಒಂದೇ ಮಾತು ಹೇಳಿ ಹಜರತ್. ನಿನ್ನೆ ಸಂಜೇದು ಸಂದಿತಾ? ಇದೊಂದ್ ಸಲ. ಇನ್ ಕೇಳಲ್ಲ.”

“ನಿನಗೇ ಗೊತ್ತು.”

“ಗೊತ್ತಿದ್ರೆ ಬಸ್ ಹತ್ಕೊಂಡ್ ಬರ್ತಿದ್ನಾ? ನಾನ್ ಸತ್ ಮೇಲೆ ಜವಾಬು ಕೊಡ್ಬೇಕಾದೋನು ನಾನು. ನೀವಲ್ಲ, ಈಯಮ್ಮನೂ ಅಲ್ಲ!” ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೇ ಕೊನೆ.

ಹಜರತ್ ಮುಂದಕ್ಕೆ ಬಾಗಿದರು. ಬಾಯಿ ತೆರೆದು ನನ್ನ ಕಡೆ ನೋಡಿದರು. ಹೇಳಿಬಿಡಲೇ ಎಂದು ಆ ಕಣ್ಣು ಕೇಳುತ್ತಿತ್ತು. ಹೇಳಿಬಿಡಿ ಎನ್ನಲು ನನಗೂ ಆಸೆಯಾಯಿತು. ನಾನು ಸರಿ ಎಂದು ಯಾರು ಹೇಳಿದ್ದರು? ಒಬ್ಬ ಹಿರಿಯರಿಗೆ ಅವರ ಶಿಷ್ಯನ ಕಣ್ಣೀರಿನ ಮುಂದೆ ಕಲ್ಲಾಗಿ ಕೂರು ಎನ್ನುತ್ತಿದ್ದೆ, ಅದೂ ನಾನು ಹುಟ್ಟಿ ಬೆಳೆದಿರದ ಧರ್ಮದ ವಿಷಯದಲ್ಲಿ. ಆದರೂ ತಲೆ ಅಲ್ಲಾಡಿಸಿದೆ. ಬೇಡ.

“ನಿನಗೇ ಗೊತ್ತು ಕಣಪ್ಪಾ,” ಎಂದರು ಹಜರತ್. ಶಿಷ್ಯನ ಬೆನ್ನ ಮೇಲೆ ಕೈ ಇಟ್ಟರು. ಕೈ ತೆಗೆಯಲಿಲ್ಲ.

“ಎಷ್ಟಿದೆ ಸಾಹೇಬ್ರೆ?” ಎಂದು ಕೇಳಿದೆ. ಅವರು ಕೊರಳಿನ ಟೇಪನ್ನು ತುದಿಯವರೆಗೆ ಎಳೆದರು. “ಟೇಪು ಮುಗೀತಮ್ಮಾ,” ಎಂದರು.

ಆಮೇಲೆ ಕಾಯುವುದೊಂದೇ ಕೆಲಸ. ಹತ್ತು ನಿಮಿಷಕ್ಕೊಮ್ಮೆ ನಾನು ಕೇಳುವುದು, ಅವರು ಇಂಚು ಹೇಳುವುದು. ಅರವತ್ತು. ಅರವತ್ತು. ಅರವತ್ತು. ಇಳಿಯದೇ ಹೋದರೆ ಎಂಬ ಯೋಚನೆ ಬಂತು. ಐವತ್ತೇಳು. ಮಧ್ಯೆ ಹಜರತ್ತರ ಸೊಸೆ ಅನ್ನ, ಬೇಳೆಸಾರು ತಂದಿಟ್ಟರು. ಟೈಲರ್ ಮುಟ್ಟಲಿಲ್ಲ, ಹಜರತ್ತರೂ ಮುಟ್ಟಲಿಲ್ಲ. ಐವತ್ತು. ನಲವತ್ತನಾಲ್ಕು. ಎರಡು ಗಂಟೆ ಕಳೆದ ಮೇಲೆ ಟೈಲರ್ ತಾವಾಗಿಯೇ ತಟ್ಟೆ ಎಳೆದುಕೊಂಡು ತಣ್ಣಗಾದ ಅನ್ನ ಕಲಸಿದರು. “ಮೂವತ್ತು ಅನ್ಕೊಳಿ,” ಎಂದರು ಬಾಯಲ್ಲಿ ತುತ್ತಿಟ್ಟುಕೊಂಡೇ. ಸಂಜೆಯ ನಮಾಜಿನ ಹೊತ್ತಿಗೆ ಹದಿನಾರು. ಎದ್ದು ಹೋಗಿ ಒಬ್ಬರೇ ವುಜೂ ಮಾಡಿದರು. ನಾನು ನೋಡಲಿಲ್ಲ. ಹಜರತ್ತರೂ ಬೇಕೆಂದೇ ಬೆನ್ನು ಹಾಕಿ ಕೂತರು. ಟೈಲರ್ ನಮಾಜು ಮುಗಿಸಿ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. ನಾವಿಬ್ಬರೂ ಕಾದೆವು.

“ಬಸ್ಸಿಗೆ ಹೊತ್ತಾಯ್ತು ಹಜರತ್, ಬರ್ತೀನಿ,” ಎಂದರು. ಬೇರೇನೂ ಕೇಳಲಿಲ್ಲ.

ಆಮೇಲಿನದು ಬೇಗ ಹೇಳಬಹುದು. ಕಾರ್ಡುಗಳು ವಾರಕ್ಕೊಂದಾದವು, ಆಮೇಲೆ ನಿಂತವು. ಮುಂದಿನ ಶಾಲಾ ವರ್ಷಕ್ಕೆ ಹೆಡ್‌ಮಾಸ್ತರರು ಅಂಗಡಿಗೆ ಬಂದು ಅವರ ಕೈಯನ್ನು ಕಣ್ಣಾರೆ ನೋಡಿ ಯೂನಿಫಾರಮ್ಮಿನ ಬಟ್ಟೆ ಕೊಟ್ಟುಹೋದರು. ರಂಜಾನಿನಲ್ಲಿ ಗೀಳು ಮತ್ತೆ ತಲೆ ಎತ್ತಿತು. ಈ ಸಲ ಅವರೇ ಒಬ್ಬರೇ ತುಮಕೂರಿಗೆ ಬಂದು “ಅಮ್ಮಾ, ಮತ್ತೆ ಕೂರ್ಬೇಕು” ಎಂದರು. ಮೂರು ವಾರ ಕೂತೆವು. ಪೂರ್ತಿ ಹೋಯಿತು ಎಂದು ನಾನು ಎಲ್ಲೂ ಬರೆದಿಲ್ಲ. ಆದರೆ ಅದರೊಂದಿಗೆ ಬದುಕುವುದನ್ನು ಅವರು ಕಲಿತರು, ನಮಾಜನ್ನು ಮತ್ತೆ ಬಿಡಲಿಲ್ಲ.

ನನ್ನ ಪ್ರಬಂಧ ಒಂದು ವರ್ಷ ತಡವಾಯಿತು. ಅದರಲ್ಲಿ ಟೈಲರ್ ಇಲ್ಲ, ಹಜರತ್ತರೂ ಇಲ್ಲ. ಅದನ್ನು ಬರೆದು ಮುಗಿಸಲು ಬೇಕಾದ ತಿಳಿವಳಿಕೆ ಮಾತ್ರ ಬಹುಪಾಲು ಅವರಿಬ್ಬರದು. ಗೈಡು ಎಳೆದ ಆ ಪೆನ್ಸಿಲ್ ಗೆರೆಗೂ ನಾನು ಋಣಿ. ಬೇರೆಯವರಾಗಿದ್ದರೆ ಅದನ್ನು ಎಳೆಯುತ್ತಿರಲಿಲ್ಲ. ನನ್ನ ಕೇಸ್ ಹಾಳೆಯಲ್ಲಿ ವಯಸ್ಸು, ಉದ್ಯೋಗದ ಕೆಳಗೆ ಒಂದು ಸಾಲು ಸೇರಿತು: ಇವರು ಯಾರ ಮಾತು ಕೇಳುತ್ತಾರೆ? ಮಡಿಯ ಗೀಳಿನಿಂದ ಒದ್ದೆ ಸೀರೆಯಲ್ಲೇ ಚಳಿಗೆ ನಡುಗುತ್ತಿದ್ದ ಅಜ್ಜಿಯೊಬ್ಬರು ಬಂದಾಗ ನಾನು ಮೊದಲು ಮಾಡಿದ ಕೆಲಸ ಅವರ ಪುರೋಹಿತರ ಮನೆ ಹುಡುಕಿಕೊಂಡು ಹೋದದ್ದು.

ಎಲ್ಲ ಮುಗಿದು ಆರೇಳು ತಿಂಗಳಾದ ಮೇಲೆ ಒಂದು ದಿನ ಟೈಲರರ ಹೆಂಡತಿ ಒಬ್ಬರೇ ಆಸ್ಪತ್ರೆಗೆ ಬಂದರು. ಸೊಂಟದ ನೋವಿಗೆ ತೋರಿಸಲು ಬಂದಿದ್ದರಂತೆ, ಹೋಗುವ ಮುನ್ನ ನನ್ನ ಕೋಣೆಗೆ ಇಣುಕಿದರು. ಕೂರಿಸಿದೆ. ಗಂಡ ಹೇಗಿದ್ದಾರೆ ಎಂದು ವಿಚಾರಿಸಿದೆ. ಚೆನ್ನಾಗಿದ್ದಾರೆ ಎಂದರು. ಆಮೇಲೆ ತೋಚಿತು. ಆ ತಿಂಗಳುಗಳಲ್ಲೆಲ್ಲ ವಾರವಾರ ಎದುರಿಗೆ ಕೂತಿದ್ದ ಈ ಹೆಂಗಸನ್ನು ನೀವು ಹೇಗಿದ್ದೀರಿ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅಂದು ಕೇಳಿದೆ.

ಆಕೆಗೆ ನಗು ಬಂತು. ಸ್ವಲ್ಪ ನಾಚಿಕೆಯೂ ಆದಂತಿತ್ತು.

“ನಿನ್ನೆ ಬೆಳಿಗ್ಗೆ ಏನಾಯ್ತು ಗೊತ್ತಾ ಡಾಕ್ಟ್ರಮ್ಮ? ನಲ್ಲೀಲಿ ನೀರು ಬಂತು. ಎರಡ್ ಕೊಡ ಹಿಡಿದೆ. ಮನೆಗೆ ಸಾಕಾಯ್ತು. ಇನ್ನೂ ನೀರು ಬರ್ತಾನೇ ಇತ್ತು, ನಾನು ಬಂದ್ಬುಟ್ಟೆ. ಬಾಗ್ಲ ಮೆಟ್ಲ ಮೇಲೆ ಕೂತ್ಕೊಂಡೆ. ಬಿಸ್ಲು ಬೀಳೋಗಂಟ ಕೂತಿದ್ದೆ. ಏನೂ ಮಾಡ್ಲಿಲ್ಲ. ಸುಮ್ನೆ ಕೂತಿದ್ದೆ.”